ಮೊದಲು ಹೊಳೆಗಿಳಿಯುವವನು

ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ವರದಾ ನದಿಯು ತುಂಗಭದ್ರೆಯನ್ನು ಕೂಡುತ್ತದೆ. ಸಾಗರದ ಸೀಮೆಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿಕೊಂಡು ಬಂದ ಹೊಳೆ ಇಲ್ಲಿಗೆ ಬಂದು ತನ್ನ ಹೆಸರನ್ನು ಬಿಟ್ಟುಕೊಡುತ್ತದೆ. ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ. ಅದರ ಬುಡವು ಪಿರಮಿಡ್ಡಿನ ಹಾಗೆ ಅಗಲವಾಗಿ ನೆಲವನ್ನು ಹಿಡಿದು ನಿಂತಿದೆ. ಕನ್ನಡಕ್ಕೆ ಕಾದಂಬರಿಯ ರುಚಿಯನ್ನು ಹಚ್ಚಿದವರಲ್ಲಿ ಅಗ್ರಗಣ್ಯರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨) ಈ ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡು 'ಗಳಗನಾಥ'ರೆನಿಸಿದರೆಂಬುದನ್ನು ವಾಚಕರು ಬಲ್ಲರು.

ನೀರು ಇಳಿದ ದಿನಗಳಲ್ಲಿ ಹೊಳೆಯನ್ನು ನಡೆದು ದಾಟುವ ಗುಂಪನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಎಲ್ಲರಿಗಿಂತ ಮೊದಲು ನೀರಿಗೆ ಕಾಲಿಡುವವನಿಗೆ ಆಳ ತಿಳಿಯದು. ಮಡು ಎಲ್ಲಿದೆ, ಮರಳು ಎಲ್ಲಿ ಜಾರುತ್ತದೆ ಎಂಬುದೂ ತಿಳಿಯದು. ಎರಡನೆಯವನು ಮೊದಲನೆಯವನ ಮೊಣಕಾಲನ್ನು ನೋಡಿ ಹೆಜ್ಜೆಯಿಡುತ್ತಾನೆ. ಎಂಟನೆಯವನಿಗೆ ಹೊಳೆಯ ನಕ್ಷೆಯೇ ಕಣ್ಣೆದುರಿಗೆ ಇರುತ್ತದೆ. ಎಂಟು ಜನರ ಕಾಲ್ಬಲ ಒಂದೇ ಆಗಿರಬಹುದು, ನೀರೂ ಒಂದೇ. ಆದರೆ ಎಂಟು ಜನರ ಅಪಾಯ ಮಾತ್ರ ಒಂದೇ ಅಲ್ಲ.

ಈ ಹೊಳೆಯ ನ್ಯಾಯವನ್ನು ಇಸ್ಪೀಟಿನ ಎಲೆಗಳಲ್ಲಿ ಕಲಿತ ಮನೆಯೊಂದನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಮನೆಯವರ ಹೆಸರು ಬೇಡ; ಇಂದಿನ ಯಾವ ಮನೆಯಾದರೂ ಆದೀತು.

ದೀಪಾವಳಿಯ ಪಾಡ್ಯದ ಮಧ್ಯಾಹ್ನ. ಹೋಳಿಗೆಯ ಊಟ ಮುಗಿದಿದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಎಂಟು ಜನ ಸುತ್ತಲೂ ಕುಳಿತಿದ್ದಾರೆ. ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದ ಅಜ್ಜ, ರಾಣೆಬೆನ್ನೂರಿನಿಂದ ಬಂದ ಮಗಳು, ಹೊಲಮನೆ ನೋಡಿಕೊಂಡಿರುವ ಮಗ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ, ನೆರೆಮನೆಯ ನಾಲ್ವರು. ಒಬ್ಬೊಬ್ಬರ ಮುಂದೆಯೂ ನೂರು ಹುಣಸೆಬೀಜಗಳ ಗುಪ್ಪೆ. ಆಟ ಪೋಕರ್. ಮೊಮ್ಮಗನಿಂದ ಅದನ್ನು ಹೇಳಿಸಿಕೊಂಡು ಕಲಿತವರು ಅಜ್ಜ. ಬೀಜಗಳನ್ನು ಎಣಿಸಿ ಇಟ್ಟವರೂ ಅಜ್ಜನೇ.

ಅದಕ್ಕೊಂದು ಕಾರಣವಿತ್ತು. ಆ ವರ್ಷದ ಬೇಸಗೆಯಲ್ಲಿ, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಬಂದ ಹಣದಿಂದ ತಂದೆ ಕಾಲೇಜಿನ ಶುಲ್ಕಕ್ಕೆಂದು ಕೊಟ್ಟದ್ದನ್ನು ಹುಡುಗ ಫೋನಿನ ಪರದೆಯ ಮೇಲೆ ಇದೇ ಆಟದಲ್ಲಿ ಕಳೆದಿದ್ದ. ಸಂಗತಿ ಬಯಲಾದಂದಿನಿಂದ ತಂದೆ ಮಗನೊಡನೆ ಬೇಕಾದಷ್ಟೇ ಮಾತು ಆಡುತ್ತಿದ್ದ; ಬೇಕಾದದ್ದು ದಿನಕ್ಕೊಂದು ಮಾತೂ ಇರುತ್ತಿರಲಿಲ್ಲ. ಅಜ್ಜ ಬೈಯಲಿಲ್ಲ. "ಆ ಆಟ ಹೆಂಗ ಆಡತಾರ, ನನಗೂ ತೋರಿಸು" ಎಂದರು. ಹುಡುಗ ಎಲ್ಲಿ ಮುಳುಗಿದನೆಂದು ತಿಳಿಯಬೇಕಾದರೆ ಹೊಳೆಯ ದಂಡೆಗೆ ಹೋಗಿಯೇ ನೋಡಬೇಕಲ್ಲವೆ?

ಆಟದ ಕಟ್ಟಳೆ ಕಠಿಣವಲ್ಲ. ಒಬ್ಬೊಬ್ಬನಿಗೂ ಎರಡೆರಡು ಎಲೆ ಮುಚ್ಚಿ ಹಂಚುತ್ತಾರೆ. ಹಂಚಿದವನ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯದ ಕಾಣಿಕೆ ಹಾಕಬೇಕು. ಈ ಮನೆಯಲ್ಲಿ ಒಂದು ಬೀಜ, ಎರಡು ಬೀಜ. ಮೂರನೆಯವನಿಂದ ಮಾತು ಆರಂಭ. ಅವನು ಎಲೆ ಮಡಚಿ ಹೊರಗುಳಿಯಬಹುದು, ಎರಡು ಬೀಜವನ್ನು ಸರಿಗಟ್ಟಬಹುದು, ಇಲ್ಲವೆ ಏರಿಸಬಹುದು. ಮಾತು ಸುತ್ತಿ ಬಂದ ಮೇಲೆ ನಡುವೆ ಮೂರು ಎಲೆ ತೆರೆದಿಡುತ್ತಾರೆ. ಆಮೇಲೆ ಒಂದು, ಕಡೆಗೆ ಮತ್ತೊಂದು. ಪ್ರತಿ ಸಲವೂ ಮತ್ತೆ ಪಣ. ಕೈಯಲ್ಲಿನ ಎರಡು, ನೆಲದ ಮೇಲಿನ ಐದು, ಈ ಏಳರಲ್ಲಿ ಉತ್ತಮವಾದ ಐದನ್ನು ಹೊಂದಿಸಿದವನಿಗೆ ಗುಪ್ಪೆಯೆಲ್ಲ ಸಲ್ಲುತ್ತದೆ. ಮಾತು ಆರಂಭಿಸಬೇಕಾದ ಆ ಮೂರನೆಯ ಪೀಠಕ್ಕೆ ಇಂಗ್ಲಿಷರು 'ಅಂಡರ್ ದ ಗನ್' ಎಂದು ಹೆಸರಿಟ್ಟಿದ್ದಾರೆ. ಬಂದೂಕಿನ ಬಾಯಿಗೆ ಕುಳಿತವನೆಂದು ಅರ್ಥ.

ಆ ಪೀಠದಲ್ಲಿ ಮೊಮ್ಮಗ ಕುಳಿತಿದ್ದಾಗ ಅವನ ಕೈಗೆ ಆಟೀನಿನ ಎಕ್ಕವೂ ಕಳಾವರಿನ ಏಳೂ ಬಂದವು. ಎಕ್ಕವನ್ನು ಕಂಡೊಡನೆ ಹುಡುಗನ ಬೆನ್ನು ನೆಟ್ಟಗಾಯಿತು. ಆರು ಬೀಜಕ್ಕೆ ಏರಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಎಲೆ ಮಡಚಿದರು. ಸೋದರತ್ತೆಯೊಬ್ಬಳು ಮಾತ್ರ ಆರು ಬೀಜವನ್ನು ಸದ್ದಿಲ್ಲದೆ ಮುಂದೆ ತಳ್ಳಿದಳು. ನೆಲಕ್ಕೆ ಬಿದ್ದದ್ದು ಡೈಮನ್ನಿನ ಎಕ್ಕ, ಒಂಬತ್ತು, ನಾಲ್ಕು. ಹುಡುಗ ಹತ್ತು ಬೀಜ ಹಾಕಿದ, ಅತ್ತೆಯೂ ಹಾಕಿದಳು. ನಾಲ್ಕನೆಯ ಎಲೆ ಎರಡು. ಹುಡುಗ ಇಪ್ಪತ್ತು ಹಾಕಿದ, ಅತ್ತೆಯೂ ಹಾಕಿದಳು. ಕಡೆಯದು ಗುಲಾಮ. ಉಳಿದ ಅರವತ್ತನಾಲ್ಕನ್ನೂ ಹುಡುಗ ಎರಡು ಕೈಯಿಂದ ಬಾಚಿ ನಡುವೆ ನೂಕಿದ. ಅತ್ತೆ ತನ್ನ ಎಲೆ ತೆರೆದಳು: ಇಸ್ಪೀಟಿನ ಎಕ್ಕ, ಜೊತೆಗೆ ರಾಜ. ಇಬ್ಬರದೂ ಎಕ್ಕದ ಜೋಡಿಯೇ. ಆದರೆ ಅವಳ ಎಕ್ಕದ ಪಕ್ಕದಲ್ಲಿ ರಾಜನಿದ್ದ, ಇವನ ಎಕ್ಕದ ಪಕ್ಕದಲ್ಲಿ ಏಳು. ನೂರು ಬೀಜಗಳೂ ಹೋದವು.

"ಅಜ್ಜಾ, ಎಕ್ಕಾ ಬಂದಿತ್ತು. ಎಕ್ಕಾ ಹೆಂಗ ಒಗೀಲಿ?" ಎಂದ ಹುಡುಗ.

"ಎಕ್ಕಾ ಬಂದಿತ್ತು ಖರೆ, ಅದರ ಜೋಡಿ ಯಾರಿದ್ದರು?" ಎಂದರು ಅಜ್ಜ. "ತಮ್ಮಾ, ಮೊದಲ ಮಾತು ನಿಂದು. ಏಳು ಮಂದಿ ದಂಡಿ ಮ್ಯಾಲ ನಿಂತು ನಿನ್ನ ಮೊಣಕಾಲ ನೋಡಾಕತ್ತಿದ್ದರು. ನೀ ಯಾರ ಮೊಣಕಾಲ ನೋಡಿದಿ?"

ಇದು ಹಳ್ಳಿಯ ಮಾಸ್ತರರ ಮಾತು. ಆದರೆ ಗಣಿತಶಾಸ್ತ್ರವೂ ಇದನ್ನೇ ಹೇಳುತ್ತದೆ. ಐವತ್ತೆರಡು ಎಲೆಗಳಿಂದ ಎರಡನ್ನು ಆರಿಸುವ ರೀತಿಗಳು ೧,೩೨೬. ಅವುಗಳಲ್ಲಿ ಜೋಡಿಯಾಗಿ ಬರುವವು ೭೮. ಎಂದರೆ ಹದಿನೇಳು ಸಲಕ್ಕೆ ಒಮ್ಮೆ. ಆಟದಲ್ಲಿ ನಿಜವಾಗಿ ಒಳ್ಳೆಯ ಕೈ ಎನ್ನಿಸುವಂಥದು ಸ್ಥೂಲವಾಗಿ ಹತ್ತು ಸಲಕ್ಕೆ ಒಮ್ಮೆ ಬರುತ್ತದೆಂದು ಇಟ್ಟುಕೊಂಡರೆ, ಪೀಠದ ಮಹಿಮೆ ಕಣ್ಣಿಗೆ ಕಟ್ಟುತ್ತದೆ. ತನ್ನ ನಂತರ ಇಬ್ಬರೇ ಮಾತನಾಡಬೇಕಾಗಿರುವಾಗ, ಆ ಇಬ್ಬರಲ್ಲಿ ಒಬ್ಬನಿಗಾದರೂ ಅಂಥ ಕೈ ಬಂದಿರುವ ಸಂಭವ ನೂರಕ್ಕೆ ಹತ್ತೊಂಬತ್ತು. ಏಳು ಜನ ಉಳಿದಿರುವಾಗ ಅದು ಸುಮಾರು ನೂರಕ್ಕೆ ಐವತ್ತೆರಡು. ಕಡೆಯ ಪೀಠದವನು ಐದು ಸಲಕ್ಕೆ ಒಮ್ಮೆ ಹೆದರಬೇಕಾದಲ್ಲಿ ಮೊದಲ ಪೀಠದವನು ಎರಡು ಸಲಕ್ಕೆ ಒಮ್ಮೆ ಹೆದರಬೇಕು. ಕೈಯೊಳಗಿನ ಎಲೆಗಳು ಅವೇ. ಕುಳಿತ ಜಾಗವು ಅವುಗಳ ಬೆಲೆಯನ್ನು ಕೆಡಿಸಿತು.

ಇನ್ನು ದುರ್ಬಲವಾದ ಕೈ ಯಾವುದು? ಎರಡು ಮತ್ತು ಏಳು ಬಂದರೆ ಎಳೆಯ ಮಕ್ಕಳೂ ಎಲೆ ಎಸೆದಾರು. ಅಪಾಯವಿರುವುದು ಅಂಥವುಗಳಲ್ಲಿ ಅಲ್ಲ. ನೋಡಲು ಚೆಂದವಾಗಿದ್ದು ಒಳಗೆ ಟೊಳ್ಳಾಗಿರುವ ಕೈಗಳಲ್ಲಿ. ಎಕ್ಕ ಮತ್ತು ಏಳು, ರಾಜ ಮತ್ತು ಒಂಬತ್ತು, ರಾಣಿ ಮತ್ತು ಹತ್ತು, ಇವು ಅಂಥ ಚೆಲುವೆಯರು. ಎಕ್ಕ–ಏಳಕ್ಕೆ ಎದುರಾಗಿ ಎಕ್ಕ–ರಾಜ ನಿಂತಾಗ ಏಳಿನವನು ಗೆಲ್ಲುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಮಾತ್ರ. ಅದಕ್ಕಿಂತಲೂ ವಿಪರೀತವಾದ ಸಂಗತಿಯೆಂದರೆ, ನೆಲಕ್ಕೆ ಎಕ್ಕ ಬಿದ್ದಾಗಲೇ ಅವನ ಕೇಡು ದೊಡ್ಡದಾಗುತ್ತದೆ. ಎಕ್ಕ ಬೀಳದಿದ್ದರೆ ಆರು ಬೀಜಕ್ಕೆ ಮುಗಿಯುತ್ತಿದ್ದ ನಷ್ಟ, ಬಯಸಿದ ಎಲೆ ಬಂದದ್ದರಿಂದಲೇ ನೂರಕ್ಕೆ ಏರುತ್ತದೆ. ಬೇಡಿದ ವರವೇ ಶಾಪವಾಗುವ ಕಥೆಗಳು ನಮ್ಮ ಪುರಾಣಗಳಲ್ಲಿ ಬೇಕಾದಷ್ಟಿವೆ, ಇದೂ ಅವುಗಳಲ್ಲೊಂದು.

"ಹಾಗಾದರೆ ಏರಿಸುವುದು ಬೇಡ, ಎರಡೇ ಬೀಜ ಕೊಟ್ಟು ಸುಮ್ಮನೆ ಒಳಗಿದ್ದು ನೋಡೋಣ" ಎಂಬುದು ಎರಡನೆಯ ಮೋಹ. ಎಚ್ಚರಿಕೆಯೆಂದು ಬಹಳ ಜನ ತಿಳಿದಿರುವುದು ಇದನ್ನೇ. ಆದರೆ ಹಿಂದಿರುವ ಏಳು ಜನರಲ್ಲಿ ಯಾರಾದರೂ ಹತ್ತಕ್ಕೆ ಏರಿಸಿದರೆ ಆ ಎರಡು ಬೀಜ ಮುಳುಗಿದ ಹಾಗೆಯೇ. ಮುಳುಗಿಸಲು ಮನಸ್ಸಿಲ್ಲದೆ ಇನ್ನೆಂಟನ್ನು ಕೊಟ್ಟರೆ, ಅಗ್ಗವೆಂದು ಕೊಂಡದ್ದು ದುಬಾರಿಯಾಯಿತು. ಯಾರೂ ಏರಿಸದೆ ಬಿಟ್ಟರೂ ಸುಖವಿಲ್ಲ. ನೆಲಕ್ಕೆ ಎಲೆ ಬಿದ್ದ ಮೇಲಿನ ಸುತ್ತುಗಳಲ್ಲಿ, ಕಾಣಿಕೆಯ ಇಬ್ಬರನ್ನು ಬಿಟ್ಟರೆ, ಮತ್ತೆ ಅವನೇ ಎಲ್ಲರಿಗಿಂತ ಮೊದಲು ಮಾತನಾಡಬೇಕು. ಜೋಡಿಯಲ್ಲದ ಎರಡು ಎಲೆಗಳಿಗೆ ನೆಲದ ಮೊದಲ ಮೂರು ಎಲೆಗಳಿಂದ ಒಂದು ಜೋಡಿಯಾದರೂ ಕೂಡಿಬರುವುದು ಸುಮಾರು ಮೂರು ಸಲಕ್ಕೆ ಒಮ್ಮೆ. ಉಳಿದ ಎರಡು ಸಲ ಅವನ ಕೈ ಬರಿದು. ಆ ಬರಿಗೈಯನ್ನು ಹಿಡಿದು ಮೊದಲು ಬಾಯಿ ತೆರೆಯಬೇಕಾದವನೂ ಅವನೇ.

ನಿಜವಾದ ಎಚ್ಚರಿಕೆಯೆಂದರೆ ಬಾಗಿಲಲ್ಲಿಯೇ ನಿಲ್ಲುವುದು. ಮೊದಲ ಪೀಠದಲ್ಲಿ ಕುಳಿತಾಗ ದೊಡ್ಡ ಜೋಡಿಗಳು, ಎಕ್ಕ–ರಾಜ, ಎಕ್ಕ–ರಾಣಿಯಂಥ ಕೆಲವೇ ಕೈಗಳನ್ನು ಇಟ್ಟುಕೊಂಡು ಉಳಿದವನ್ನು ಮಡಚುವುದು. ಆಡಿದರೆ ಅರೆಮನಸ್ಸಿನಿಂದ ಸರಿಗಟ್ಟದೆ, ಏರಿಸಿಯೇ ಆಡುವುದು. ಏರಿಸಿದ ಮೇಲೆ ಹಿಂದಿನಿಂದ ಬಲವಾದ ಮಾತು ಬಂದರೆ, ಹಾಕಿದ ಬೀಜಗಳ ಮೇಲಿನ ಮಮತೆಯನ್ನು ಬಿಟ್ಟು ಹಿಂದೆ ಸರಿಯುವುದು. ಮೂರು–ಮೂರು, ನಾಲ್ಕು–ನಾಲ್ಕು ಇಂಥ ಕಿರಿಯ ಜೋಡಿಗಳಿಗೆ ಮೂರನೆಯದೊಂದು ಕೂಡುವುದು ನೆಲದ ಮೊದಲ ಮೂರು ಎಲೆಗಳಲ್ಲಿ ಎಂಟು-ಒಂಬತ್ತು ಸಲಕ್ಕೆ ಒಮ್ಮೆ ಮಾತ್ರವೆಂದು ನೆನಪಿಡುವುದು. ಅದೇ ಎಕ್ಕ–ಏಳನ್ನು ಕಡೆಯ ಪೀಠದಲ್ಲಿ, ಮುಂದಿನವರೆಲ್ಲ ಎಲೆ ಮಡಚಿದ ಮೇಲೆ, ಧೈರ್ಯವಾಗಿ ಆಡಬಹುದು. ಹೊಳೆಯನ್ನು ದಾಟಲೇಬಾರದೆಂದು ಯಾರೂ ಹೇಳಲಿಲ್ಲ. ಮೊದಲಿಗನಾಗಿ ಇಳಿಯುವಾಗ ದೋಣಿ ಗಟ್ಟಿಯಾಗಿರಬೇಕೆಂದಷ್ಟೇ ಮಾತು.

ಮೊದಲು ಮಾತನಾಡುವವನ ಈ ಕಷ್ಟವನ್ನು ನಮ್ಮ ನಾಡಿನ ಆಟಗಳು ಅರಿಯದೆ ಇರಲಿಲ್ಲ. ಕರಾವಳಿಯಲ್ಲಿಯೂ ಕಾಸರಗೋಡಿನ ಕಡೆಯಲ್ಲಿಯೂ ಆಡುವ 'ಇಪ್ಪತ್ತೆಂಟು' ಎಂಬ ಆಟವನ್ನು ನೋಡಿ. ಮೂವತ್ತೆರಡು ಎಲೆ, ನಾಲ್ವರು ಆಟಗಾರರು, ಇಬ್ಬಿಬ್ಬರು ಒಂದು ಪಕ್ಷ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಒಟ್ಟು ಇಪ್ಪತ್ತೆಂಟು ಅಂಕ. ನಾಲ್ಕು ನಾಲ್ಕು ಎಲೆ ಹಂಚಿದೊಡನೆ ತುರುಫನ್ನು ಗೊತ್ತುಮಾಡುವ ಹಕ್ಕಿಗಾಗಿ ಸವಾಲು ಆರಂಭವಾಗುತ್ತದೆ. ಮೊದಲನೆಯವನಿಗೆ ಸುಮ್ಮನಿರುವ ಅನುಕೂಲವಿಲ್ಲ. ವಾಡಿಕೆಯ ಕಟ್ಟಳೆಯಂತೆ ಅವನು ಹದಿನಾಲ್ಕನ್ನಾದರೂ ಹೇಳಲೇಬೇಕು. ಕೈಯಲ್ಲಿ ಸತ್ತ್ವವಿಲ್ಲದ ಜಾಣ ಹದಿನಾಲ್ಕೆಂದು ಹೇಳಿ ಬಾಯಿ ಮುಚ್ಚುತ್ತಾನೆ. ಭಾರವನ್ನು ಇನ್ನೊಬ್ಬನು ಹೊರಲೆಂದು ಕಾಯುತ್ತಾನೆ. ಓಡಿಹೋಗಲಾಗದ ಮೊದಲಿಗನಿಗೆ ಅತಿ ಕಡಿಮೆ ಮಾತೇ ರಕ್ಷೆ.

ಇನ್ನೂ ಹಿಂದಕ್ಕೆ ಹೋದರೆ ಗಂಜೀಫ ಸಿಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ಆಟವನ್ನು ಬಗೆಬಗೆಯಾಗಿ ಬೆಳೆಸಿ 'ಚದ'ವೆಂಬ ಎಲೆಯಾಟಗಳನ್ನು ಏರ್ಪಡಿಸಿದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ನೂರಿಪ್ಪತ್ತು ದುಂಡನೆಯ ಎಲೆಗಳ ದಶಾವತಾರ ಗಂಜೀಫದಲ್ಲಿ ಹಗಲಾದರೆ ರಾಮನ ರಾಜಪತ್ರವನ್ನು ಹಿಡಿದವನೂ, ಇರುಳಾದರೆ ಕೃಷ್ಣನ ರಾಜಪತ್ರವನ್ನು ಹಿಡಿದವನೂ ಆಟವನ್ನು ಆರಂಭಿಸಬೇಕು. ಎಂದರೆ ಮುಂದಾಗುವ ಭಾರ ಬಿದ್ದದ್ದು ಬಲವುಳ್ಳವನ ಮೇಲೆ. ಪೋಕರಿನಲ್ಲಿ ಹಾಗಲ್ಲ, ಎಲೆ ಯಾವುದಾದರೂ ಬರಲಿ, ಜಾಗಕ್ಕೆ ತಕ್ಕಂತೆ ಸರದಿ ಬರುತ್ತದೆ. ಆದುದರಿಂದ ಹಳೆಯ ಆಟದಲ್ಲಿ ಕಟ್ಟಳೆಯೇ ನೋಡಿಕೊಳ್ಳುತ್ತಿದ್ದ ವಿವೇಕವನ್ನು ಹೊಸ ಆಟದಲ್ಲಿ ಆಟಗಾರನೇ ನೋಡಿಕೊಳ್ಳಬೇಕಾಗಿದೆ.

ನಮ್ಮ ಜಾತ್ರೆ, ಹಬ್ಬಗಳಲ್ಲಿ ಹೆಚ್ಚಾಗಿ ಕಾಣುವ ಮೂರೆಲೆಯಲ್ಲಿ ಆ ವಿವೇಕಕ್ಕೆ ಎಡೆ ಕಡಿಮೆ. ಮೂರು ಎಲೆಗಳ ಕೈಗಳು ೨೨,೧೦೦. ಅವುಗಳಲ್ಲಿ ೧೬,೪೪೦ ಕೈಗಳಿಗೆ ಒಂದು ಜೋಡಿ ಕೂಡ ಇರುವುದಿಲ್ಲ. ನಾಲ್ಕು ಸಲ ಹಂಚಿದರೆ ಮೂರು ಸಲ ಬರಿಗೈ! ಎಲೆ ನೋಡದೆ ಆಡುವವನು ಅರ್ಧ ಹಣ ಕೊಟ್ಟರೆ ಸಾಕೆಂಬ ನಿಯಮ ಬೇರೆ. ಕಣ್ಣು ಮುಚ್ಚಿದವನಿಗೆ ರಿಯಾಯಿತಿ ಕೊಡುವ ವ್ಯಾಪಾರ ಲೋಕದಲ್ಲಿ ಇದೊಂದೇ ಇರಬಹುದು. ಇನ್ನು ಪೊಲೀಸ್ ವರದಿಗಳಲ್ಲಿ ಪದೇ ಪದೇ ಕಾಣುವ ಅಂದರ್-ಬಾಹರ್‌ನಲ್ಲಿ ಒಮ್ಮೆ ಹಣ ಇಟ್ಟ ಮೇಲೆ ಮಾಡುವುದಕ್ಕೆ ಏನೂ ಉಳಿಯದು. ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ ನೋಡುತ್ತ ಕೂಡಬೇಕು. ಬಿಡುವ ಅವಕಾಶವಿಲ್ಲದಲ್ಲಿ ಜಾಣತನಕ್ಕೆ ಕೆಲಸವೇನು?

ಧರ್ಮರಾಯನ ಕಥೆಯನ್ನು ಈ ಬೆಳಕಿನಲ್ಲಿ ನೋಡಿದರೆ ಹೊಸದೊಂದು ಅರ್ಥ ಕಾಣುತ್ತದೆ. ವ್ಯಾಸಭಾರತದ ದ್ಯೂತದಲ್ಲಿ ಒಂದೊಂದು ಸಲವೂ ಪಣವನ್ನು ಮೊದಲು ಹೆಸರಿಸುವವನು ಯುಧಿಷ್ಠಿರ; ಆಮೇಲೆ ದಾಳ ಹಿಡಿದು, ಗೆದ್ದೆನೆಂದು ಸಾರುವವನು ಶಕುನಿ. ಎದುರಾಳಿಯ ಬಲ ತನಗಿಂತ ಹೆಚ್ಚೆಂದು ಬಲ್ಲವನು, ಮೊದಲ ಮಾತನ್ನು ತಾನೇ ಆಡುತ್ತ ಆಡುತ್ತ ಭಂಡಾರವನ್ನೂ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ದ್ರೌಪದಿಯನ್ನೂ ಒಡ್ಡಿದ. ಪಂಪನ ಓದುಗರಿಗೂ ಗದುಗಿನ ನಾರಣಪ್ಪನ ಸಭಾಪರ್ವವನ್ನು ಗಮಕದಲ್ಲಿ ಕೇಳಿದವರಿಗೂ ಈ ಸಂಕಟ ಹೊಸದಲ್ಲ. ಶಕುನಿಯದು ಕಪಟವೆಂದು ನಾವು ಕೋಪಗೊಳ್ಳುತ್ತೇವೆ, ಅದು ಸರಿಯೇ. ಆದರೆ ಎಲ್ಲವೂ ಮರಳಿ ಬಂದ ಮೇಲೆ ಅನುದ್ಯೂತಕ್ಕೆ ಕರೆ ಬಂದಾಗ ಮತ್ತೆ ಹೋಗಿ ಕುಳಿತದ್ದು ಕಪಟದಿಂದಲ್ಲ. ಕರೆದರೆ ಬಾರದಿರುವುದಿಲ್ಲ ಎಂಬ ವ್ರತವನ್ನು ಅವನು ಹಿರಿಮೆಯೆಂದು ಭಾವಿಸಿದ್ದ. ಒಲ್ಲೆನೆಂದು ಎಲೆ ಮಡಚುವ ವಿದ್ಯೆಯೊಂದು ಧರ್ಮಜ್ಞನಾದ ಅವನಲ್ಲಿ ಇರಲಿಲ್ಲ. ಅದರ ಬೆಲೆ ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ.

ಈ ಮಡಚುವ ವಿದ್ಯೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ೧೯೬೩ರ ಕರ್ನಾಟಕ ಪೊಲೀಸ್ ಕಾಯಿದೆಯು ಜೂಜಿನ ಅಡ್ಡೆಗಳನ್ನು ಅಪರಾಧವೆಂದು ಸಾರಿದರೂ, ಕೇವಲ ಕುಶಲತೆಯ ಆಟಗಳಿಗೆ ಆ ನಿಷೇಧ ಅನ್ವಯಿಸದೆಂದಿತ್ತು. ರಮ್ಮಿಯು ಮೂರೆಲೆಯ ಹಾಗೆ ಬರಿಯ ಅದೃಷ್ಟದ ಆಟವಲ್ಲವೆಂದು ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಕುಶಲತೆಯ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದು ೨೦೧೩ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯವು ೨೦೨೧ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅದೇ ಹೈಕೋರ್ಟು ೨೦೨೨ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಕಡೆಗೆ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಕುಶಲತೆಯೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣದ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು.

ಪೋಕರಿನಲ್ಲಿ ಕುಶಲತೆಯಿಲ್ಲವೆಂದು ಹೇಳಲಾಗದು. ಮೇಲಿನ ಲೆಕ್ಕಗಳೇ ಅದಕ್ಕೆ ಸಾಕ್ಷಿ. ಆದರೆ ಆ ಕುಶಲತೆಯ ಬಹುಭಾಗ ಅಡಗಿರುವುದು ಆಡದೆ ಇರುವುದರಲ್ಲಿ. ಫೋನಿನ ಆಟವಾದರೋ ಆಡದೆ ಇರುವವನನ್ನು ಸಹಿಸದು. ಒಂದು ಕೈ ಮಡಚಿದೊಡನೆ ಇನ್ನೊಂದು ಕೈ. ಒಂದು ಮೇಜು ಬೇಸರವಾದರೆ ಮತ್ತೊಂದು ಮೇಜು. ಆಟ ನಡೆಸುವವನಿಗೆ ಗುಪ್ಪೆಯಿಂದ ಒಂದು ಪಾಲು ಸಲ್ಲುವುದರಿಂದ, ಎಂಟು ಜನ ಸಮಬಲರು ತಂದ ಹಣ ಅವರಲ್ಲಿಯೇ ಸುತ್ತುತ್ತ ದಿನದಿನಕ್ಕೆ ಕರಗುತ್ತದೆ. ಸೋತವನಿಗೆ ಇನ್ನೊಂದು ಕುರುಡು ಬರುತ್ತದೆ: ಹೋದದ್ದನ್ನು ಇಂದೇ ಮರಳಿ ತರಬೇಕೆಂಬ ಅವಸರ. ಅವಸರದವನಿಗೆ ಎಲ್ಲ ಪೀಠಗಳೂ ಒಂದೇ, ಎಲ್ಲ ಎಕ್ಕಗಳೂ ಒಂದೇ. ಬೇಸಗೆಯ ಆ ಮೂರು ರಾತ್ರಿಗಳಲ್ಲಿ ಹುಡುಗನು ಸೋತದ್ದು ಎಲೆಗಳಿಗೆ ಅಲ್ಲ. ಮೊದಲ ರಾತ್ರಿಯ ಸೋಲನ್ನು ಮಡಚಿಡಲಾರದ ತನ್ನ ಮನಸ್ಸಿಗೆ.

ಪಡಸಾಲೆಯಲ್ಲಿ ಆಟ ಮತ್ತೆ ನಡೆಯಿತು. ಅಜ್ಜ ಹುಡುಗನಿಗೆ ಇನ್ನೊಂದು ನೂರು ಬೀಜ ಎಣಿಸಿ ಕೊಟ್ಟರು. ಮೊದಲ ಮಾತು ತನ್ನದಾದಾಗಲೆಲ್ಲ ಅವನು ಎಲೆ ನೋಡುವ ಮೊದಲು ಹಿಂದಿನ ಏಳು ಜನರ ಮುಖ ನೋಡಬೇಕೆಂಬುದು ಕರಾರು. ಹುಡುಗ ಎಲೆ ಮಡಚಿದ. ಮುಂದಿನ ಕೈಯನ್ನೂ ಮಡಚಿದ. ನೆರೆಮನೆಯವರು ನಗೆಯಾಡಿದರು. ಕಡೆಯ ಪೀಠ ಬಂದಾಗ, ಮುಂದಿನವರೆಲ್ಲ ಬಿಟ್ಟ ಮೇಲೆ, ರಾಜ–ಒಂಬತ್ತನ್ನು ಹಿಡಿದು ಏರಿಸಿದ. ಕಾಣಿಕೆಯ ಮೂರು ಬೀಜಗಳು ಅವನಿಗೆ ಬಂದವು. ಮೂರೇ ಬೀಜ! ಆದರೂ ಹುಡುಗ ಅವನ್ನು ಬೆರಳಿನಿಂದ ಸರಿಸಿ ಸಾಲಾಗಿಟ್ಟ.

ಮತ್ತೆ ಸರದಿ ಸುತ್ತಿ ಮೊದಲ ಪೀಠಕ್ಕೆ ಬಂತು. ಕೈಗೆ ರಾಣಿ, ಹತ್ತು. ಹುಡುಗ ಕ್ಷಣಕಾಲ ಹಿಡಿದುಕೊಂಡು ಆಮೇಲೆ ಮಡಚಿದ. ನೆಲಕ್ಕೆ ಬಿದ್ದದ್ದೇನು? ರಾಣಿ, ಹತ್ತು, ಮೂರು! ಆಡಿದ್ದರೆ ಎರಡು ಜೋಡಿ ಅವನದಾಗುತ್ತಿತ್ತು. ನಡುವಿನ ಗುಪ್ಪೆ ನಲವತ್ತು ಬೀಜಕ್ಕೆ ಬೆಳೆದು ನೆರೆಮನೆಯವರೊಬ್ಬರ ಮಡಿಲಿಗೆ ಹೋಯಿತು.

"ಅಯ್ಯೋ ಅಜ್ಜಾ, ಬಿಡಬಾರದಿತ್ತು. ಈ ಕೈ ನಂದ ಇತ್ತು" ಎಂದು ಹುಡುಗ ತಲೆಯ ಮೇಲೆ ಕೈಯಿಟ್ಟುಕೊಂಡ.

ಅಜ್ಜ ಕನ್ನಡಕವನ್ನು ತೆಗೆದು ಧೋತರದ ಅಂಚಿನಿಂದ ಒರೆಸಿದರು. "ಬಿಟ್ಟದ್ದು ತಪ್ಪಲ್ಲ ತಮ್ಮಾ. ಬಿಟ್ಟ ಮ್ಯಾಲ ಹೊಳ್ಳಿ ನೋಡೂದು ತಪ್ಪು. ಅದ ಎಲಿ, ಅದ ಜಾಗಾ, ನೂರು ಸಲ ಬಂದರ ನೂರು ಸಲ ಬಿಡಬೇಕು. ಒಂದ ಸಲ ಹೊಳಿ ದಾರಿ ಕೊಟ್ಟಿತು ಅಂತ ಹೊಳಿಯೊಳಗ ಮಡು ಇಲ್ಲ ಅಂತೀಯೇನು?"

ಈ ಮಾತಿನ ಹಿಂದಿರುವ ಪಾಠ ಎಲೆಯಾಟದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು. ಸರಿಯಾಗಿ ಯೋಚಿಸಿ ಮಾಡಿದ ಕೆಲಸ ಒಮ್ಮೊಮ್ಮೆ ಕೆಡುತ್ತದೆ; ಹುಚ್ಚಾಗಿ ಮಾಡಿದ್ದು ಒಮ್ಮೊಮ್ಮೆ ಫಲಿಸುತ್ತದೆ. ಫಲವನ್ನು ನೋಡಿ ವಿವೇಕವನ್ನು ತೂಗುವವನು ಹುಚ್ಚುತನವನ್ನೇ ಕಲಿಯುತ್ತಾನೆ. ಎಕ್ಕ–ಏಳನ್ನು ಹಿಡಿದು ಮೊದಲ ಸಲ ಗೆದ್ದವನೇ ಹತ್ತನೆಯ ಸಲ ಮನೆ ಕಳೆಯುವವನು. ನಷ್ಟವನ್ನು ಕಂಡು ಹೆದರುವುದು ಸುಲಭ. ಕೈತಪ್ಪಿದ ಲಾಭವನ್ನು ಕಂಡು ಶಾಂತವಾಗಿರುವುದು ಕಷ್ಟ. ಆ ಶಾಂತಿ ಬಂದ ದಿನ ಆಟಗಾರನಿಗೆ ಆಟದ ಅವಶ್ಯಕತೆಯೇ ಅಷ್ಟಾಗಿ ಉಳಿಯಲಾರದು.

ಹೊತ್ತು ಇಳಿಯಿತು. ಮುಂದಿನ ಕೈಯನ್ನು ಹಂಚುವ ಸರದಿ ತಂದೆಯದು. ಅವನು ಎಲೆಗಳನ್ನು ಕಲೆಸಿ, ಒಂದು ಕ್ಷಣ ಅಂಗೈಯಲ್ಲಿ ತೂಗಿ, ಕಟ್ಟನ್ನು ಮಗನ ಕಡೆಗೆ ಸರಿಸಿದ. "ತಗೋ, ನೀ ಹಂಚು" ಎಂದ. ಹಂಚುವವನು ಆ ಸುತ್ತಿನ ಕಡೆಯ ಪೀಠದವನು. ನೆಲಕ್ಕೆ ಎಲೆ ಬಿದ್ದ ಮೇಲೆ ಎಲ್ಲರ ಮಾತು ಕೇಳಿ ಮಾತನಾಡುವ ಅನುಕೂಲ ಅವನದು. ಬೇಸಗೆಯ ನಂತರ ತಂದೆ ಮಗನಿಗೆ ಬಿಟ್ಟುಕೊಟ್ಟ ಮೊದಲ ವಸ್ತು ಅದು. ಹುಡುಗ ಏನೂ ಹೇಳದೆ ಎಲೆ ಹಂಚತೊಡಗಿದ. ಅತ್ತೆ ದೀಪ ಹಚ್ಚಲು ಎದ್ದಳು.

ಆಟ ಮುಗಿದಾಗ ಬೀಜಗಳೆಲ್ಲ ಒಂದೇ ಡಬ್ಬಿಗೆ ಬಿದ್ದವು. ಗೆದ್ದವನ ಬೀಜ, ಸೋತವನ ಬೀಜ ಎಂಬ ಗುರುತು ಅವಕ್ಕೆ ಇರಲಿಲ್ಲ. ಹಣಕ್ಕೆ ಆ ಗುಣವಿಲ್ಲ. ಮೆಣಸಿನ ಹೊಲದಲ್ಲಿ ಬೆವರು ಸುರಿಸಿ ತಂದದ್ದನ್ನು ಮುಂದಿಟ್ಟುಕೊಂಡು, ಆಳ ತಿಳಿಯದ ನೀರಿಗೆ ಮೊದಲು ಇಳಿಯುವುದನ್ನು ಧೈರ್ಯವೆಂದು ಕರೆಯುವುದು ರೂಢಿ. ಹೊಳೆಯ ದಂಡೆಯಲ್ಲಿ ಬಾಳುವವರು ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಕೋಲು ಊರಿ ನೋಡಿ, ನೆಲ ಸಿಗದಿದ್ದರೆ ಸುಮ್ಮನೆ ಮನೆಗೆ ಹಿಂದಿರುಗುವವನನ್ನು ಅವರು ಹೇಡಿಯೆನ್ನುವುದೂ ಇಲ್ಲ.